‘ಏನಂದಿ?’ ಅಂತ ತಿರುಗಿ ನೋಡಬಾರದು ಅಂತ

ಕಳೆದ ಜನವರಿಯಲ್ಲಿ ಕಲಬುರಗಿಯ ಸೇಡಂ ರಸ್ತೆಯಲ್ಲಿ ನಮ್ಮನೆಯವರು ಸೈಕಲ್‌ನಿಂದ ಬಿದ್ದರು. ಬುದ್ಧ ವಿಹಾರ ದಾಟಿ ಸ್ವಲ್ಪ ಮುಂದೆ. ಮಳಖೇಡ, ಸೇಡಂ ಕಡೆಯ ಫ್ಯಾಕ್ಟರಿಗಳಿಂದಾಗಿ ಆ ರಸ್ತೆಯಲ್ಲಿ ಸಿಮೆಂಟ್ ಲಾರಿ ಜಾಸ್ತಿ. ಇವರು ಮುಂದೆ, ನಾನು ಹಿಂದೆ. "ಲಾರಿ ಬಂತ್ರೀ, ಬದಿಗೆ ಹೋಗ್ರಿ" ಅಂತ ಕೂಗಿದೆ. ಎದುರು ಗಾಳಿಗೆ ಕೇಳಲಿಲ್ಲ. "ಏನಂದಿ?" ಅಂತ ಎಡಕ್ಕೆ ಹೊರಳಿ ನೋಡಿದರು, ಕತ್ತಿನ ಜೊತೆ ಹ್ಯಾಂಡಲ್ಲೂ ತಿರುಗಿತು, ಮುಂದಿನ ಗಾಲಿ ಡಾಂಬರು ಬಿಟ್ಟು ಗರಸಿಗೆ ಇಳಿದೇ ಬಿಟ್ಟಿತು.

ಮೊಣಕೈ ತರಚಿತು, ಅಷ್ಟೇ. ಹೆಲ್ಮೆಟ್ ಮಾತ್ರ ಎಡಗಡೆ ಕಿವಿಯ ಮೇಲೆ ಸೀಳಿತ್ತು. ಒಳಗಿನ ಥರ್ಮಾಕೋಲ್‌ನಂಥ ಪದರ ಬೆರಳಗಲ ಒಳಗೆ ಕೂತಿತ್ತು. ಅದರ ಕೆಲಸವೇ ಅದು, ತಾನು ಜಜ್ಜಿಕೊಂಡು ತಲೆಗೆ ಬೀಳುವ ಪೆಟ್ಟು ಕಡಿಮೆ ಮಾಡೋದು. ಒಮ್ಮೆ ಜಜ್ಜಿದರೆ ಮತ್ತೆ ಉಬ್ಬಲ್ಲ. ಹಾಗಾಗಿ ಬಿದ್ದ ಹೆಲ್ಮೆಟ್ ಮೇಲಿಂದ ಚೆನ್ನಾಗಿ ಕಂಡರೂ ಮತ್ತೆ ಹಾಕಬೇಡಿ.

ಹೊಸದು ಹೇಗೂ ಬೇಕಿತ್ತು. ಒಳಗೇ ಇಂಟರ್‌ಕಾಮ್, ಅಂದರೆ ಸೈಕಲ್ ಮೇಲಿಂದಲೇ ಒಬ್ಬರಿಗೊಬ್ಬರು ಮಾತಾಡೋಕೆ ಮೈಕು, ಸ್ಪೀಕರ್ ಇರೋದನ್ನೇ ತಗೊಳ್ಳೋಣ ಅಂದೆ.

ಹುಡುಕಲು ಕೂತಾಗ ಎಲ್ಲರೂ ಮೊದಲು ಹೇಳೋದು ಎಷ್ಟು ದೂರ ಕೇಳುತ್ತೆ ಅಂತ. ಸೇನಾ (Sena) ಅನ್ನೋ ಕಂಪನಿಯ ಆರ್1 ಹೆಲ್ಮೆಟ್‌ನಲ್ಲಿ ಬಯಲಿನಲ್ಲಿ 900 ಮೀಟರ್‌ವರೆಗೆ, ನಾಲ್ಕು ಜನರವರೆಗೆ ಬ್ಲೂಟೂತ್‌ನಲ್ಲೇ ಮಾತಾಡಬಹುದು ಅಂತ ಕಂಪನಿ ಹೇಳುತ್ತೆ. ನಮ್ಮದು ತೊಗರಿ ಹೊಲದ ಬಯಲು, ಸಿಗ್ನಲ್‌ಗೆ ಗುಡ್ಡದ ಅಡ್ಡಿ ಇಲ್ಲ, ಸರಿ. ಆದರೆ ಇಬ್ಬರೇ ಹೋಗುವಾಗ ನಮ್ಮ ನಡುವೆ ಐವತ್ತು ಮೀಟರ್ ದಾಟಿದ್ದೇ ಇಲ್ಲ! ನಮಗೆ ಬೇಕಿದ್ದು ಗಾಳಿಯಲ್ಲಿ ಸ್ಪಷ್ಟವಾಗಿ ಕೇಳೋ ಮೈಕು. ಇನ್ನೊಂದು, ಕಿವಿ ಮುಚ್ಚದ ಸ್ಪೀಕರ್. ಇಂಥ ಹೆಲ್ಮೆಟ್‌ಗಳಲ್ಲಿ ಸ್ಪೀಕರ್ ಕಿವಿಯ ಮೇಲುಗಡೆ ಇರುತ್ತೆ, ಹಿಂದಿನ ಲಾರಿ ಸದ್ದೂ ಕೇಳುತ್ತೆ. ಕಿವಿಗೆ ಇಯರ್‌ಫೋನ್ ತುರುಕಿಕೊಂಡು ಫೋನ್ ಕಾಲ್‌ನಲ್ಲೇ ಇರ್ತೀವಿ ಅನ್ನೋರಿಗೆ ನಾನು ಬೇಡ ಅಂತಲೇ ಹೇಳ್ತೀನಿ. ಸೇಡಂ ರಸ್ತೆಯಲ್ಲಂತೂ ಬೇಡವೇ ಬೇಡ.

ಕೆಲವದರ ಮೇಲೆ ವಾಕಿಟಾಕಿ ಅಂತ ಬರೆದಿರುತ್ತೆ. ಕೇಳಿ ನೋಡಿ, ಅದರಲ್ಲಿ ಎಷ್ಟೋ ಮೊಬೈಲ್ ಆ್ಯಪ್ ಮೂಲಕ ಇಂಟರ್ನೆಟ್ ಮೇಲೆ ನಡೆಯೋದು. ನೆಟ್‌ವರ್ಕ್ ಹೋದರೆ ಮಾತೂ ಹೋಯಿತು. ಗುಂಪಾಗಿ ಹೋಗೋರು ಮೆಶ್ ಇರೋದನ್ನು ನೋಡಿ. ಹಳೇ ಬ್ಲೂಟೂತ್ ಸರಪಳಿ ಇದ್ದಂಗೆ, ನಡುವಿನವರು ಹಿಂದೆ ಉಳಿದರೆ ಸಂಪರ್ಕ ಕಡಿಯುತ್ತೆ, ಮೆಶ್ ಇದ್ದರೆ ಇನ್ನೊಬ್ಬರ ಮೂಲಕ ದಾರಿ ಹುಡುಕಿಕೊಳ್ಳುತ್ತೆ. ಇಬ್ಬರಿಗೆ ಅದು ಬೇಕಾಗಿಲ್ಲ. ಆದರೆ ಇಬ್ಬರಿಗೂ ಒಂದೇ ಕಂಪನಿಯದು ತಗೊಳ್ಳಿ, ಜೋಡಿಸುವ ತಲೆನೋವು ತಪ್ಪುತ್ತೆ.

ಇಷ್ಟೆಲ್ಲ ನೋಡಿದ ನಾವು ಅಳತೆಯಲ್ಲಿ ಎಡವಿದೆವು. ಇಬ್ಬರಿಗೂ ಒಂದೇ ಸೈಜ್ ಆರ್ಡರ್ ಮಾಡಿದ್ದೆ. ನನ್ನ ತಲೆಗೆ ಅದು ಬುಟ್ಟಿ ಹೊತ್ತಂಗೆ ಅಲ್ಲಾಡುತ್ತಿತ್ತು. ಡಬ್ಬಿ ತೆರೆದಿದೆ ಅಂತ ಮಾರಿದವರು ವಾಪಸ್ ತಗೊಳ್ಳಲಿಲ್ಲ, ಕೊನೆಗೆ ಅದನ್ನು ಮೈದುನನಿಗೆ ಕೊಟ್ಟೆ. ಆಮೇಲೆ ಬ್ಲೌಸ್ ಅಳತೆಯ ಟೇಪು ತೆಗೆದು, ಹುಬ್ಬಿನಿಂದ ಎರಡು ಬೆರಳು ಮೇಲೆ ಸುತ್ತ ಹಿಡಿದು ನೋಡಿದೆ. ಇವರದು 59 ಸೆಂಟಿಮೀಟರ್, ನನ್ನದು 55. ಹೆಣ್ಣುಮಕ್ಕಳಿಗೆ ಒಂದು ಮಾತು, ತುರುಬು ಹಾಕಿಕೊಂಡು ಅಳೆಯಬೇಡಿ, ಹೆಲ್ಮೆಟ್ ಮುಂದಕ್ಕೆ ಜಾರಿ ಕಣ್ಣಿಗೆ ಬರುತ್ತೆ. ಜಡೆ ಕೆಳಗೆ ಸಡಿಲ ಹೆಣೆದುಕೊಳ್ಳಿ. ಪಟ್ಟಿ ಕಟ್ಟದೆ ತಲೆ ಅಲ್ಲಾಡಿಸಿದರೂ ಅದು ಅಲ್ಲಾಡಬಾರದು.

ಒಳಗಿನ ಚೀಟಿಯೂ ನೋಡಿ. ಯುರೋಪಿನ ಇಎನ್ 1078 ಅಥವಾ ಅಮೆರಿಕದ ಸಿಪಿಎಸ್‌ಸಿ ಅನ್ನೋ ಸುರಕ್ಷತೆಯ ಗುರುತು ಇರಬೇಕು. ಇಎನ್ 1078 ಅಂದರೆ ಸುಮಾರು ಒಂದೂವರೆ ಮೀಟರ್ ಎತ್ತರದಿಂದ ಉಕ್ಕಿನ ಮೇಲೆ ಬೀಳುವಷ್ಟು ವೇಗದಲ್ಲಿ ಬಡಿದು ಪರೀಕ್ಷೆ ಮಾಡಿರುತ್ತಾರೆ. ಇಂಟರ್‌ಕಾಮ್ ಎಷ್ಟೇ ಚೆನ್ನಾಗಿದ್ದರೂ ಈ ಗುರುತಿಲ್ಲದ್ದು ನನಗೆ ಬೇಡ, ಮಾತಾಡೋಕೆ ಮೊದಲು ತಲೆ ಉಳಿಬೇಕಲ್ವಾ.

ನಮ್ಮ ಬಿಸಿಲು ನಿಮಗೆ ಗೊತ್ತೇ ಇದೆ. ಏಪ್ರಿಲ್‌ನಲ್ಲಿ ಬೆಳಿಗ್ಗೆ ಐದೂವರೆಗೆ ಹೊರಟರೂ ವಾಪಸ್ ಬರೋಷ್ಟರಲ್ಲಿ ಹಣೆಯ ಪಟ್ಟಿ ಹಿಂಡಿದರೆ ಬೆವರು ಸುರಿಯುತ್ತೆ. ಆ ಸ್ಪಂಜು ಬಿಚ್ಚಿ ತೊಳೀರಿ, ಹೆಲ್ಮೆಟ್ಟನ್ನೇ ಬಕೆಟ್‌ನಲ್ಲಿ ಅದ್ದಬೇಡಿ, ಒಳಗೆ ಬ್ಯಾಟರಿ ಇದೆ. ಬಿಸಿಲಲ್ಲಿ ನಿಂತ ಕಾರಿನಲ್ಲೂ ಬಿಡಬೇಡಿ, ಬ್ಯಾಟರಿಗೂ ಒಳಗಿನ ಪದರಕ್ಕೂ ಅದು ಕೇಡು.

ಎರಡಕ್ಕೂ ಸೇರಿ ಒಂದು ಒಳ್ಳೆ ಸೈಕಲ್‌ನಷ್ಟು ದುಡ್ಡಾಯಿತು. ಹೋದ ಭಾನುವಾರ ಮಳಖೇಡದವರೆಗೆ ಹೋಗಿ, ಕಾಗಿಣಾ ನದಿ ನೋಡಿ ಬಂದೆವು. ಬರುವಾಗ ಹಿಂದೆ ಸಿಮೆಂಟ್ ಲಾರಿ. "ಲಾರಿ ಬಂತ್ರೀ" ಅಂದೆ, ಕೂಗದೆ, ಅಡುಗೆಮನೆಯಿಂದ ಹೇಳಿದಂಗೆ. "ಹೂಂ" ಅಂದರು. ತಿರುಗಿ ನೋಡಲಿಲ್ಲ.