ಹಳೇ ಹ್ಯಾಂಡಿಕ್ಯಾಮು, ಪಿವಿಸಿ ಪೈಪು, ಮತ್ತೆ ಆ 46.5 ಎಂಎಂ

ಹಳೇ ಹ್ಯಾಂಡಿಕ್ಯಾಮಿಗೆ (ಕೈಲಿ ಹಿಡಿಯೋ ಸಣ್ಣ ವಿಡಿಯೋ ಕ್ಯಾಮೆರಾ) ಫಿಲ್ಮ್ ಕ್ಯಾಮೆರಾದ ಲೆನ್ಸ್ ಜೋಡಿಸೋ ಅಡಾಪ್ಟರನ್ನ ಮನೇಲೇ ಮಾಡಿದ ಕಥೆ ಇದು. ಹ್ಯಾಂಡಿಕ್ಯಾಮಲ್ಲಿ ತೆಗೆದ ವಿಡಿಯೋ ಯಾವ್ದೇ ಇರ್ಲಿ, ಎರಡು ಸೆಕೆಂಡ್ ನೋಡಿದ್ರೆ ಗೊತ್ತಾಗ್ಬಿಡುತ್ತೆ. ಮುಂದೆ ನಿಂತಿರೋ ಮದುಮಗಳ ಮುಖನೂ ಶಾರ್ಪು, ಹಿಂದಿನ ಗೋಡೆ ಕ್ಯಾಲೆಂಡರೂ ಶಾರ್ಪು, ಅದರಾಚೆ ಬಾಗ್ಲಲ್ಲಿ ಇಣುಕ್ತಿರೋ ಪಕ್ಕದ್ಮನೆ ಹುಡ್ಗನೂ ಶಾರ್ಪು. ಕ್ಯಾಮೆರಾ ಹಿಡಿದವ್ರ ತಪ್ಪಲ್ಲ ಅದು, ಎಲ್ಲಾ ಸೆನ್ಸರ್ (ಒಳಗೆ ಚಿತ್ರ ಬೀಳೋ ಚಿಪ್) ಸೈಜಿನ ಮಹಿಮೆ. ನನ್ನ ಹತ್ರ ಇರೋ ಮಿನಿ ಡಿವಿ (ಸಣ್ಣ ಟೇಪಿಗೆ ರೆಕಾರ್ಡ್ ಮಾಡೋ) ಕ್ಯಾಮೆರಾದ ಸೆನ್ಸರ್ 1/6 ಇಂಚಿಂದು, ಅದು ಬರೀ ಹೆಸರಿನ ಅಳತೆ, ನಿಜವಾದ ಅಗಲ ಹೆಚ್ಚುಕಮ್ಮಿ ಎರಡೂವರೆ ಮಿಲಿಮೀಟರ್. ಫಿಲ್ಮ್ ಎಸ್‌ಎಲ್‌ಆರ್ (ಲೆನ್ಸ್ ಬದಲಾಯಿಸಬಹುದಾದ ಕ್ಯಾಮೆರಾ) ಫ್ರೇಮು 36 ಎಂಎಂ ಅಗಲ, 24 ಎಂಎಂ ಎತ್ತರ. ಹದಿನಾಲ್ಕು ಪಟ್ಟು ವ್ಯತ್ಯಾಸ, ಹಾಗಾಗಿ ಹ್ಯಾಂಡಿಕ್ಯಾಮ್ ಮೇಲೆ ಎಫ್ 1.8 (ಈ ನಂಬರ್ ಚಿಕ್ಕದಾದಷ್ಟೂ ಲೆನ್ಸಿನ ಬಾಯಿ ದೊಡ್ಡದು, ಬ್ಲರ್ ಜಾಸ್ತಿ) ಅಂತ ಎಷ್ಟೇ ಜಂಬದಿಂದ ಬರೆದಿದ್ರೂ ಬ್ಲರ್ ವಿಷಯದಲ್ಲಿ ಅದು ದೊಡ್ಡ ಫ್ರೇಮಿನ ಎಫ್ 25ಕ್ಕೆ ಸಮ. ಬ್ಯಾಕ್‌ಗ್ರೌಂಡ್ ಎಲ್ಲಿಂದ ಬ್ಲರ್ ಆಗ್ಬೇಕು ಹೇಳಿ.

ಈಗ ಫೋನಲ್ಲೇ ಬ್ಲರ್ ಬರುತ್ತಲ್ಲ ಅಂತ ಅಂತೀರಾ. ಬರುತ್ತೆ, ಮನುಷ್ಯರ ಮುಖಕ್ಕೆ ಸುಮಾರಾಗಿ ಬರುತ್ತೆ. ಆದ್ರೆ ಅದು ಸಾಫ್ಟ್‌ವೇರ್ ಲೆಕ್ಕ ಹಾಕಿ ಬಳಿಯೋ ಬ್ಲರ್, ಕಾಫಿ ಹೂವಿನ ಸಣ್ಣ ಸಣ್ಣ ಎಸಳಿನ ಮಧ್ಯೆ ಎಲ್ಲಿ ಹೂವು ಮುಗೀತು ಎಲ್ಲಿ ಎಲೆ ಶುರುವಾಯ್ತು ಅಂತ ಅದಕ್ಕೆ ತಿಳಿಯಲ್ಲ, ಅರ್ಧ ಎಸಳು ನುಂಗಿ ಹಾಕುತ್ತೆ. ನನಗೆ ಬೇಕಾಗಿದ್ದೇ ಕಾಫಿ ಹೂವು. ಮಿರರ್‌ಲೆಸ್ ಕ್ಯಾಮೆರಾ ತಗೊಳ್ಳೋಕೆ ದುಡ್ಡಿಲ್ಲ, ಅಲ್ಮೇರಾದಲ್ಲಿ ಹ್ಯಾಂಡಿಕ್ಯಾಮು ಬಿದ್ದಿದೆ, ದೊಡ್ಡಪ್ಪನ ನಿಕಾನ್ 50 ಎಂಎಂ ಎಫ್ 1.8 ಲೆನ್ಸೂ ಬಿದ್ದಿದೆ. ಅವೆರಡನ್ನೂ ಮದುವೆ ಮಾಡಿಸೋದೇ ಈ ಅಡಾಪ್ಟರ್.

ಇದೇನು ನನ್ನ ಐಡಿಯಾ ಅಲ್ಲ. 2000ದ ನಂತರ ಒಂದಷ್ಟು ವರ್ಷ ಕಡಿಮೆ ಬಜೆಟ್ಟಲ್ಲಿ ಸಿನಿಮಾ ಮಾಡೋರು ಜಗತ್ತಲ್ಲೆಲ್ಲಾ ಇದನ್ನೇ ಮಾಡ್ತಿದ್ರು, ಲೆಟಸ್, ರೆಡ್‌ರಾಕ್ ಅನ್ನೋ ಬ್ರ್ಯಾಂಡಿನ ರೆಡಿಮೇಡ್ ಅಡಾಪ್ಟರೂ ಸಿಗ್ತಿತ್ತು. 2008ರಲ್ಲಿ ನಿಕಾನ್ ಡಿ90, ಕ್ಯಾನನ್ 5ಡಿ ಮಾರ್ಕ್ 2 ಬಂದು ದೊಡ್ಡ ಸೆನ್ಸರಲ್ಲೇ ವಿಡಿಯೋ ತೆಗೆಯೋ ಹಾಗಾದ್ಮೇಲೆ ಎಲ್ಲಾ ಗುಜರಿಗೆ ಹೋಯ್ತು. ಕೆಲಸ ಮಾಡೋ ರೀತಿ ಇಷ್ಟೇ: ಎಸ್‌ಎಲ್‌ಆರ್ ಲೆನ್ಸು ಒಂದು ಮಸುಕು ಗಾಜಿನ ಮೇಲೆ ಚಿತ್ರ ಬೀಳಿಸುತ್ತೆ, ಬ್ಲರ್ ಎಲ್ಲಾ ಅಲ್ಲೇ ಆಗಿರುತ್ತೆ, ಹ್ಯಾಂಡಿಕ್ಯಾಮು ಹಿಂದಿಂದ ಆ ಗಾಜನ್ನ ಶೂಟ್ ಮಾಡುತ್ತೆ. ಟೆಂಟ್ ಸಿನಿಮಾದ ಪರದೆಯನ್ನ ಹಿಂದುಗಡೆ ಕೂತು ನೋಡ್ದಂಗೆ.

ಆ ಗಾಜಿನದೇ ತಲೆನೋವು. ಮಾಮೂಲಿ ಗಾಜನ್ನ ಅಲ್ಯೂಮಿನಿಯಂ ಆಕ್ಸೈಡ್ ಪುಡಿ ಹಾಕಿ ಉಜ್ಜಿ ಮಾಡೋರಿದ್ದಾರೆ, ಎರಡು ಗಾಜಿನ ಮಧ್ಯೆ ಮೇಣ ಕರಗಿಸಿ ಹಾಕೋರೂ ಇದ್ದಾರೆ. ಉಜ್ಜಿದ ಗಾಜಲ್ಲಿ ಎಷ್ಟೇ ನೈಸಾಗಿದ್ರೂ ಕಾಳು ಕಾಣುತ್ತೆ, ವಿಡಿಯೋ ಮೇಲೆ ಯಾರೋ ರವೆ ಚೆಲ್ಲಿದ ಹಾಗೆ, ಅದು ಕಾಣದಿರ್ಲಿ ಅಂತ ಗಾಜನ್ನ ಸಿಡಿ ಮೋಟರಲ್ಲಿ ತಿರುಗಿಸ್ತಾರೆ ಅಥವಾ ಸತ್ತ ಕೀಪ್ಯಾಡ್ ಫೋನಿನ ವೈಬ್ರೇಟರ್ ಅಂಟಿಸಿ ನಡುಗಿಸ್ತಾರೆ. ನನಗೆ ಅದು ಬೇಡ ಅನ್ನಿಸ್ತು, ಯಾಕಂದ್ರೆ ಕ್ಯಾಮೆರಾ ಮೈಕು ಅಲ್ಲೇ ಮೂತಿ ಹತ್ರ ಇರುತ್ತೆ, ಆಮೇಲೆ ರೆಕಾರ್ಡಿಂಗಲ್ಲಿ ಗುಂಯ್ ಅಂತಿರೋದು ಜೇನಾ ಮೋಟರಾ ಗೊತ್ತಾಗಲ್ಲ. ಕೆಟ್ಟುಹೋದ ಎಸ್‌ಎಲ್‌ಆರ್ ಒಳಗೆ ಇರೋ ಫೋಕಸಿಂಗ್ ಸ್ಕ್ರೀನನ್ನೇ (ಕಣ್ಣಿಟ್ಟು ನೋಡುವಾಗ ಚಿತ್ರ ಬೀಳೋ ಮಸುಕು ತಟ್ಟೆ) ಕಿತ್ತು ಇದಕ್ಕೆ ಹಾಕ್ದೆ. ಕಾಳು ಬಹಳ ಸಣ್ಣದು, ಜೊತೆಗೆ ಅದರಲ್ಲೇ ಫ್ರೆನೆಲ್ ಗೆರೆ (ಅಂಚಿನ ಬೆಳಕನ್ನ ಒಳಗೆ ಬಗ್ಗಿಸೋ ಸುತ್ತುಗೆರೆ) ಇರೋದ್ರಿಂದ ಮೂಲೆಗಳೂ ಅಷ್ಟೊಂದು ಕಪ್ಪಾಗಲ್ಲ. ಒಂದೇ ಎಚ್ಚರಿಕೆ, ಹಳೇ ಮ್ಯಾನುಯಲ್ ಕ್ಯಾಮೆರಾದ್ದು ತಗೋಬೇಡಿ, ಅದರ ಮಧ್ಯೆ ಫೋಕಸ್ ಪರೀಕ್ಷೆಗೆ ಚಿತ್ರನ ಎರಡು ಸೀಳು ಮಾಡೋ ಒಂದು ಸ್ಪ್ಲಿಟ್ ಗುಂಡು ಇರುತ್ತೆ, ಅದು ನಿಮ್ಮ ಪ್ರತಿ ಶಾಟಿನ ನಡುವೆ ಬೊಟ್ಟಿಟ್ಟಂಗೆ ಕೂತಿರುತ್ತೆ. ಆಟೋಫೋಕಸ್ ಬಾಡಿದ್ರಲ್ಲಿ ಸಾಮಾನ್ಯವಾಗಿ ಆ ಗುಂಡು ಇರಲ್ಲ. ಬೆರಳು ತಾಗಿಸ್ಬೇಡಿ, ಬಟ್ಟೆಲಿ ಒರೆಸ್ಲೇಬೇಡಿ, ಅದು ಪ್ಲಾಸ್ಟಿಕ್ಕು, ಗೀರು ಬಿದ್ರೆ ಮುಗೀತು.

ಬಾಡಿಗೆ 63 ಎಂಎಂ ಪಿವಿಸಿ ಪೈಪು. ಕೊಡಗಿನ ನಾಪೋಕ್ಲಲ್ಲಿ ಹಾರ್ಡ್‌ವೇರ್ ಅಂಗಡಿಯವರು ಒಂದು ಗೇಣು ಪೈಪು, ಪೈಪು ಸೇರಿಸೋ ಎರಡು ಕಪ್ಲರ್ ಕೇಳಿದ್ದಕ್ಕೆ "ಇಷ್ಟು ತುಂಡಲ್ಲಿ ಎಂತ ಸ್ಪ್ರಿಂಕ್ಲರ್ ಹಾಕ್ತೀರಿ ಮಾರಾಯ್ರೆ" ಅಂತ ನಗಾಡಿ ಪೈಪಿಗೆ ದುಡ್ಡೇ ತಗೊಳ್ಳಿಲ್ಲ. ಒಳಗಡೆ ಬ್ಲ್ಯಾಕ್‌ಬೋರ್ಡ್ ಪೇಂಟು ಬಳಿದ್ರೆ ಆಯ್ತು. ಲೆನ್ಸ್ ಕೂರ್ಸೋಕೆ ಅಗ್ಗದ ಮ್ಯಾಕ್ರೋ ಎಕ್ಸ್‌ಟೆನ್ಶನ್ ಟ್ಯೂಬ್ ಸೆಟ್ (ಲೆನ್ಸು, ಕ್ಯಾಮೆರಾ ಮಧ್ಯೆ ಹಾಕೋ ಪೊಳ್ಳು ರಿಂಗುಗಳು) ಸಿಗುತ್ತೆ, ಅದರ ಮುಂದಿನ ರಿಂಗು ಬಿಚ್ಚಿ ಪೈಪಿಗೆ ಸ್ಕ್ರೂ ಹಾಕಿದ್ರೆ ನಿಕಾನ್ ಮೌಂಟ್ ರೆಡಿ.

ಇನ್ನು 46.5. ನಿಕಾನ್ ಲೆನ್ಸು ಕೂರೋ ಲೋಹದ ಮುಖದಿಂದ ಫಿಲ್ಮಿಗೆ ಇರೋ ದೂರ 46.5 ಎಂಎಂ, ಇಲ್ಲಿ ಫಿಲ್ಮಿನ ಜಾಗದಲ್ಲಿ ಸ್ಕ್ರೀನಿನ ಮಸುಕು ಮುಖ ಬರ್ಬೇಕು. ಅರ್ಧ ಎಂಎಂ ಜಾಸ್ತಿ ಆದ್ರೂ ದೂರದ್ದು ಯಾವ್ದೂ ಫೋಕಸ್ಸಿಗೆ ಬರಲ್ಲ. ವರ್ನಿಯರಲ್ಲಿ ಅಳೆದಿದ್ದು ಬರೀ ಅಂದಾಜಿಗೆ, ಕೊನೆಗೆ ನಂಬ್ಬೇಕಾಗಿರೋದು ದೂರದ ಬೆಟ್ಟವನ್ನೇ. ನಮ್ಮ ಕಡೆಯಿಂದ ತಡಿಯಂಡಮೋಳ್ ಸಾಲು ಚೆನ್ನಾಗಿ ಕಾಣುತ್ತೆ, ಮಂಜು ಹರಿದ ಮೇಲೆ ಲೆನ್ಸ್ ರಿಂಗನ್ನ ಇನ್ಫಿನಿಟಿಗೆ (ತೀರಾ ದೂರದ ಗುರುತಿಗೆ) ಇಟ್ಟು, ಕಪ್ಲರನ್ನ ಕೂದಲೆಳೆಯಷ್ಟು ಹಿಂದೆ ಮುಂದೆ ಜಾರಿಸ್ತಾ, ಬೆಟ್ಟದ ಅಂಚು ಸ್ಕ್ರೀನ್ ಮೇಲೆ ಗೀಟು ಎಳೆದ ಹಾಗೆ ಆದಾಗ ನಿಲ್ಲಿಸಿ ಸ್ಕ್ರೂ ಬಿಗಿ ಮಾಡೋದು. ಜುಲೈಲಿ ಈ ಕೆಲಸಕ್ಕೆ ಕೂತ್ರೆ ಬೆಟ್ಟ ಬಿಡಿ, ಎದುರಿನ ಗೇಟೂ ಕಾಣಲ್ಲ.

ಹ್ಯಾಂಡಿಕ್ಯಾಮಿಗೆ ಅಷ್ಟು ಹತ್ರದ ಸ್ಕ್ರೀನು ಝೂಮಲ್ಲಿ ಫೋಕಸ್ ಆಗಲ್ಲ, ಮುಂದೆ ಒಂದು +10 ಕ್ಲೋಸಪ್ ಲೆನ್ಸ್ ಬೇಕು. +10 ಅಂದ್ರೆ ಸ್ಕ್ರೀನು ಹತ್ತು ಸೆಂಟಿಮೀಟರ್ ದೂರ ಅಂತ ಲೆಕ್ಕ. ಒಂಟಿ ಗಾಜಿಂದಾದ್ರೆ ಅಂಚಲ್ಲಿ ನೇರಳೆ ಬಣ್ಣ ಹರಡುತ್ತೆ, ಎರಡು ಗಾಜು ಸೇರಿಸಿ ಮಾಡಿರೋ ಆಕ್ರೋಮ್ಯಾಟ್ ಸಿಕ್ಕಿದ್ರೆ ಅದನ್ನೇ ತಗೊಳ್ಳಿ. ಆಮೇಲೆ ಕ್ಯಾಮೆರಾನ ಮ್ಯಾನುಯಲ್ ಫೋಕಸ್ಸಿಗೆ ಹಾಕಿ ಸ್ಕ್ರೀನಿನ ಕಾಳಿನ ಮೇಲೇ ಫೋಕಸ್ ಮಾಡಿ ಬಿಟ್ಬಿಡಿ, ಮುಂದಿನ ಫೋಕಸ್ ಎಲ್ಲಾ ನಿಕಾನ್ ರಿಂಗಲ್ಲೇ.

ಚಿತ್ರ ತಲೆಕೆಳಗಾಗಿ ಬರುತ್ತೆ, ಎಡಬಲನೂ ಅದಲುಬದಲು. ಎಡಿಟಿಂಗಲ್ಲಿ 180 ಡಿಗ್ರಿ ತಿರುಗಿಸಿದ್ರೆ ಸರಿ, ಆದ್ರೆ ಡಿವಿ ಇಂಟರ್‌ಲೇಸ್ಡ್ (ಒಂದು ಬಿಟ್ಟು ಒಂದು ಗೆರೆಯನ್ನ ಸರದಿ ಪ್ರಕಾರ ತೆಗೆಯೋದು) ಆಗಿರೋದ್ರಿಂದ ಮೊದಲು ಡಿಇಂಟರ್‌ಲೇಸ್ (ಆ ಗೆರೆಗಳನ್ನ ಪೂರ್ತಿ ಚಿತ್ರ ಮಾಡೋದು) ಮಾಡಿ ಆಮೇಲೆ ತಿರುಗಿಸಿ, ಮೊದಲೇ ತಿರುಗಿಸಿದ್ರೆ ಗೆರೆಗಳ ಸರದಿ ತಪ್ಪಿ ಓಡಾಡೋದೆಲ್ಲಾ ಜರ್ಕ್ ಹೊಡೆಯುತ್ತೆ.

ಮಾರ್ಚಲ್ಲಿ ಕಾಫಿ ಅರಳಿಸೋ ಹೂಮಳೆ ಬಿದ್ದು ವಾರ ಕಳೆದ್ಮೇಲೆ ರೋಬಸ್ಟಾ ಕಾಫಿ ಅರಳ್ತು. ಆ ಎರಡು ಮೂರು ದಿನ ಬಿಟ್ರೆ ಹೂ ಕಂದೋಗುತ್ತೆ. ಬೆಳಗ್ಗೆ ಎಂಟೂವರೆ ಬಿಸಿಲು ಸಿಲ್ವರ್ ಓಕ್ ಸಂದಿಯಿಂದ ಬೀಳ್ತಿದ್ದಾಗ ಒಂದು ಗೊನೆ ಹೂವಿಗೆ ಫೋಕಸ್ ಮಾಡ್ದೆ ನೋಡಿ, ಹಿಂದೆ ಎಲೆ ಮಧ್ಯೆ ಮಿನುಗೋ ಬೆಳಕೆಲ್ಲಾ ದುಂಡು ದುಂಡಾಗಿ ತೇಲ್ತಿದೆ, ಮುಂದಿನ ಕೊಂಬೆ ಬರೀ ಬಿಳೀ ಹೊಗೆ, ಮಧ್ಯೆ ಆ ಒಂದು ಗೊನೆ ಮಾತ್ರ, ಕೇಸರದ ತುದಿ ಸಮೇತ. ಉಳಿದಿದ್ದ ಎಕ್ಸ್‌ಟೆನ್ಶನ್ ರಿಂಗು ಒಂದನ್ನ ಮಧ್ಯೆ ಸೇರಿಸಿದ್ರೆ ತುಡುವೆ ಜೇನಿನ ಕಾಲಲ್ಲಿರೋ ಪರಾಗದ ಉಂಡೆ ತನಕ ಹೋಗ್ಬಹುದು, ಆದ್ರೆ ಅಷ್ಟು ಹತ್ರದಲ್ಲಿ ಜೇನಿನ ಕಣ್ಣು ಶಾರ್ಪಿದ್ರೆ ರೆಕ್ಕೆ ಇಲ್ಲ, ಸ್ವಲ್ಪ ಗಾಳಿ ಬಂದ್ರೆ ಎರಡೂ ಇಲ್ಲ. ರೋಬಸ್ಟಾ ತನ್ನ ಪರಾಗಕ್ಕೇ ಕಾಯಿ ಕಟ್ಟಲ್ಲ, ಇನ್ನೊಂದು ಗಿಡದ್ದು ಬೇಕು, ಹಾಗಾಗಿ ಈ ಹುಳ ಬರೀ ಚಂದಕ್ಕಲ್ಲ, ನಮ್ಮ ಫಸಲಿನ ಕೂಲಿಯಾಳು.

ಕೊರತೆ ಇಲ್ಲ ಅಂತಲ್ಲ. ಆಕಾಶ ಫ್ರೇಮಿಗೆ ಬಂದ್ರೆ ಕಾಳು ಕಾಣುತ್ತೆ, ಲೆನ್ಸನ್ನ ಎಫ್ 4ಕ್ಕಿಂತ ಮುಚ್ಚಿದ್ರೂ ಕಾಣುತ್ತೆ. ಎಲ್ಲಕ್ಕಿಂತ ದೊಡ್ಡದು ಬೆಳಕು, ಸ್ಕ್ರೀನು ಒಂದೂವರೆ ಎರಡು ಸ್ಟಾಪ್ (ಒಂದು ಸ್ಟಾಪ್ ಅಂದ್ರೆ ಬೆಳಕು ಅರ್ಧ) ನುಂಗುತ್ತೆ. ಹಾಗಾಗಿ ಕೊಡಗಲ್ಲಿ ಇದು ಡಿಸೆಂಬರಿಂದ ಏಪ್ರಿಲ್ ತನಕದ ಆಟ. ಅತ್ತೆ ಮಗನ ಮದುವೆಗೆ ತಗೊಂಡು ಬಾ ಅಂದ್ರು, ಮಂಟಪದ ಒಳಗೆ ಆಗಲ್ಲ ಅತ್ತೆ ಅಂತ ಖಡಾಖಂಡಿತ ಹೇಳ್ದೆ. ಮಳೆಗಾಲದಲ್ಲಿ ಅಲ್ಮೇರಾದಲ್ಲಿ ಸಣ್ಣ ಬಲ್ಬ್ ಹೊತ್ತಿಸಿ, ಸಿಲಿಕಾ ಜೆಲ್ ಹಾಕಿದ ಡಬ್ಬಿಲಿ ಬಿಗಿಯಾಗಿ ಮುಚ್ಚಿಡೋದು, ಇಲ್ಲಾಂದ್ರೆ ಲೆನ್ಸಲ್ಲಿ ಫಂಗಸ್ಸು ಜೇಡರ ಬಲೆ ಹೆಣೆಯುತ್ತೆ, ಟೇಪನ್ನೂ ಬಿಡಲ್ಲ.

ಕಪ್ಲರಿಗೆ ಸಾಲ್ವೆಂಟ್ ಹಾಕಿ ಅಂಟಿಸ್ಬಿಡಿ ಅಂದವರಿಗೆ ಬೇಡ ಅಂದಿದ್ದೀನಿ. ವಿರಾಜಪೇಟೆ ಸ್ಟುಡಿಯೋ ಒಂದರಲ್ಲಿ ಎಂ42 ಅನ್ನೋ, ತಿರುಪಿ ಕೂರ್ಸೋ ಸ್ಕ್ರೂ ಮೌಂಟಿನ 135 ಎಂಎಂ ಲೆನ್ಸ್ ಇದೆ, ಅದಕ್ಕೆ ಫಿಲ್ಮಿನ ದೂರ 45.46 ಎಂಎಂ, ಅಂದ್ರೆ ನನ್ನ ಪೈಪು ಒಂದು ಎಂಎಂ ಒಳಗೆ ಜಾರ್ಬೇಕು. ರೇಟು ಸ್ವಲ್ಪ ಇಳಿಸ್ಲಿ, ತಗೊಂಡೇ ಬಿಡ್ತೀನಿ.