ದಂಡದ ಕಲಮು ಎಲ್ಲಿದೆ, ಮೊದಲು ಅದನ್ನು ಓದಿ: ಫೆಡರಲ್ ಆದೇಶಗಳನ್ನು ಅಮೆರಿಕದ ರಾಜ್ಯಗಳು ಅಳೆಯುವ ಬಗೆ

ವಾಷಿಂಗ್ಟನ್‌ನಲ್ಲಿ ಪಾಸಾದ ಹೊಸ ಕಾಯ್ದೆಯೊಂದು ರಾಜ್ಯದ ಬಜೆಟ್ ಕಚೇರಿಗೆ ಬಂತು ಅಂತಿಟ್ಟುಕೊಳ್ಳಿ. ಪೀಠಿಕೆ, ಉದ್ದೇಶ, ವ್ಯಾಖ್ಯೆಗಳನ್ನು ಆಮೇಲೆ ಓದಿದರೆ ನಡೆಯುತ್ತದೆ. ಮೊದಲು ಹುಡುಕಬೇಕಾದ್ದು, ‘ನಾವು ಮಾಡುವುದಿಲ್ಲ’ ಎಂದು ರಾಜ್ಯ ಹೇಳಿದರೆ ಏನಾಗುತ್ತದೆ ಎಂಬುದನ್ನು. ರಾಜ್ಯಕ್ಕೆ ಎಷ್ಟು ಬಲವಿದೆ, ಎಲ್ಲಿ ಪಟ್ಟು ಹಾಕಬಹುದು ಎಂಬುದೆಲ್ಲ ಆ ಕಲಮಿನಿಂದಲೇ ಗೊತ್ತಾಗುತ್ತದೆ. ಫೆಡರಲ್ ಸರ್ಕಾರಕ್ಕೆ ಕೊಡದ ಅಧಿಕಾರ ರಾಜ್ಯಗಳಿಗೆ, ಜನರಿಗೆ ಸೇರಿದ್ದು ಎನ್ನುವ ಸಂವಿಧಾನದ 10ನೇ ತಿದ್ದುಪಡಿಯನ್ನು ಮುಂದಿಟ್ಟುಕೊಂಡು ಭಾಷಣ ಮಾಡುವ ಶಾಸಕರು ಬಹಳ ಜನ. ದಂಡದ ಕಲಮನ್ನು ಓದಿಕೊಂಡು ಬಂದವರು ಕಡಿಮೆ.

‘ರಾಜ್ಯವೇ ಇದನ್ನು ಮಾಡತಕ್ಕದ್ದು’ ಎಂಬ ನೇರ ಅಪ್ಪಣೆಯಿದ್ದರೆ ರಾಜ್ಯದ ಕೈ ಮೇಲು. ಸುಪ್ರೀಂ ಕೋರ್ಟ್ ಇಂಥದ್ದನ್ನು ಮತ್ತೆ ಮತ್ತೆ ತಳ್ಳಿಹಾಕಿದೆ. ವಿಕಿರಣ ತ್ಯಾಜ್ಯಕ್ಕೆ ವ್ಯವಸ್ಥೆ ಮಾಡದ ರಾಜ್ಯ ಆ ತ್ಯಾಜ್ಯಕ್ಕೆ ತಾನೇ ಮಾಲೀಕನಾಗಬೇಕು ಎಂಬ ನಿಯಮ 1992ರಲ್ಲಿ ನ್ಯೂಯಾರ್ಕ್ ಹೂಡಿದ ದಾವೆಯಲ್ಲಿ ಬಿದ್ದುಹೋಯಿತು. ಬಂದೂಕು ಕೊಳ್ಳುವವರ ಹಿನ್ನೆಲೆಯನ್ನು ಸ್ಥಳೀಯ ಶೆರಿಫ್‌ಗಳೇ ತಪಾಸಣೆ ಮಾಡಬೇಕೆಂಬುದು 1997ರ ಪ್ರಿಂಟ್ಜ್ ತೀರ್ಪಿನಲ್ಲಿ ಹೋಯಿತು. ಕ್ರೀಡಾ ಬೆಟ್ಟಿಂಗ್‌ಗೆ ರಾಜ್ಯಗಳು ಅನುಮತಿ ಕೊಡಬಾರದೆಂಬ ಕಟ್ಟುಪಾಡು 2018ರಲ್ಲಿ ನ್ಯೂಜೆರ್ಸಿಯ ಮೊಕದ್ದಮೆಯಲ್ಲಿ ರದ್ದಾಯಿತು. ಆದರೆ ಇಲ್ಲೊಂದು ಗುಂಡಿಯಿದೆ. ಖಾಸಗಿ ಕಂಪನಿಗೂ ರಾಜ್ಯಕ್ಕೂ ಒಂದೇ ರೀತಿ ಅನ್ವಯಿಸುವ ಕಾನೂನಾದರೆ ಈ ವಾದ ನಿಲ್ಲುವುದಿಲ್ಲ. ಕನಿಷ್ಠ ವೇತನ ಮತ್ತು ಓವರ್‌ಟೈಮ್ ನಿಯಮಗಳು ಸರ್ಕಾರಿ ನೌಕರರಿಗೂ ಅನ್ವಯಿಸುತ್ತವೆಂದು 1985ರ ಗಾರ್ಸಿಯಾ ತೀರ್ಪಿನಲ್ಲೇ ಇತ್ಯರ್ಥವಾಗಿದೆ.

ಇದನ್ನೆಲ್ಲ ತಿಳಿದ ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತು, ನೇರ ಅಪ್ಪಣೆ ಬರೆಯುವುದೇ ಅಪರೂಪ. ಬದಲಿಗೆ ಹಣಕ್ಕೆ ಷರತ್ತು ಕಟ್ಟುತ್ತದೆ. ಆಗ ನೋಡಬೇಕಾದ್ದು ಪ್ರಮಾಣ. ಮದ್ಯ ಕೊಳ್ಳುವ ವಯಸ್ಸನ್ನು 21ಕ್ಕೆ ಏರಿಸದ ರಾಜ್ಯಕ್ಕೆ ಹೆದ್ದಾರಿ ಅನುದಾನದಲ್ಲಿ 5 ಶೇಕಡಾ ಖೋತಾ ಎಂದು 1984ರ ಕಾಯ್ದೆ ಹೇಳಿತು. ಸೌತ್ ಡಕೋಟಾ ಕೋರ್ಟಿಗೆ ಹೋಗಿ 1987ರಲ್ಲಿ ಸೋತಿತು. ಇಷ್ಟು ಸಣ್ಣ ಮೊತ್ತವನ್ನು ಬಲವಂತ ಅನ್ನಲಾಗದು ಎಂದಿತು ಕೋರ್ಟ್. 2012ರಲ್ಲಿ ಬಡವರ ಆರೋಗ್ಯ ವಿಮೆ ಯೋಜನೆಯಾದ ಮೆಡಿಕೇಡ್‌ನ ವಿಸ್ತರಣೆಯ ಪ್ರಶ್ನೆ ಬಂದಾಗ ಲೆಕ್ಕ ಬೇರೆಯೇ ಇತ್ತು. ಹೊಸ ಯೋಜನೆ ಬೇಡವೆಂದ ರಾಜ್ಯ ಹಳೆಯ ಮೆಡಿಕೇಡ್ ಹಣವನ್ನೂ ಕಳೆದುಕೊಳ್ಳುತ್ತಿತ್ತು. ಅಂದರೆ ರಾಜ್ಯದ ಒಟ್ಟು ಬಜೆಟ್ಟಿನ 10 ಶೇಕಡಾಕ್ಕಿಂತ ಹೆಚ್ಚು. ಮುಖ್ಯ ನ್ಯಾಯಮೂರ್ತಿ ರಾಬರ್ಟ್ಸ್ ಅದನ್ನು ತಲೆಗೆ ಹಿಡಿದ ಬಂದೂಕಿಗೆ ಹೋಲಿಸಿದರು. ಈ ಎರಡು ತೀರ್ಪುಗಳ ನಡುವೆ ಗೆರೆ ಎಲ್ಲಿದೆಯೆಂದು ಯಾರೂ ಎಳೆದುಕೊಟ್ಟಿಲ್ಲ. ಹಾಗಾಗಿ ಪರಿಶೀಲನಾ ಟಿಪ್ಪಣಿಯಲ್ಲಿ ಡಾಲರ್ ಮೊತ್ತ ಬರೆದರಷ್ಟೇ ಸಾಲದು. ಆ ಅನುದಾನದಲ್ಲಿ ಅದು ಎಷ್ಟು ಪಾಲು, ರಾಜ್ಯದ ಬಜೆಟ್ಟಿನಲ್ಲಿ ಎಷ್ಟು ಪಾಲು, ಕಳೆದುಕೊಳ್ಳುವುದು ಹೊಸ ಹಣವೋ ಹಳೆಯದೋ, ಇಷ್ಟೂ ಬರೆಯಬೇಕು.

ಇನ್ನು ಖರ್ಚು. ರಾಜ್ಯಗಳ ತಲೆಗೆ ಕಟ್ಟುವ ಖರ್ಚನ್ನು ಕಾಂಗ್ರೆಸ್ ಮೊದಲೇ ಅಂದಾಜು ಮಾಡಿಸಲಿ ಎಂದು 1995ರಲ್ಲಿ ‘ಅನ್‌ಫಂಡೆಡ್ ಮ್ಯಾಂಡೇಟ್ಸ್’ ಸುಧಾರಣಾ ಕಾಯ್ದೆ ಬಂತು. 1996ರ ಬೆಲೆಯಲ್ಲಿ ವರ್ಷಕ್ಕೆ 5 ಕೋಟಿ ಡಾಲರ್ ಮೀರಿದರೆ ಸದನದಲ್ಲಿ ಯಾವ ಸದಸ್ಯರಾದರೂ ಆಕ್ಷೇಪ ಎತ್ತಬಹುದು. ಮಿತಿ ಹಣದುಬ್ಬರದ ಜೊತೆ ಏರುತ್ತ ಈಗ ಸುಮಾರು ಇಮ್ಮಡಿಯಾಗಿದೆ. ಆದರೆ ಅನುದಾನಕ್ಕೆ ಕಟ್ಟಿದ ಷರತ್ತು ಸಾಮಾನ್ಯವಾಗಿ ಈ ಕಾಯ್ದೆಯ ಲೆಕ್ಕಕ್ಕೇ ಬರುವುದಿಲ್ಲ. ನಾಗರಿಕ ಹಕ್ಕು, ರಾಷ್ಟ್ರೀಯ ಭದ್ರತೆಯ ವಿಷಯಗಳೂ ಹೊರಗೆ. ಹೀಗಾಗಿ ‘ಕಾಂಗ್ರೆಷನಲ್ ಬಜೆಟ್ ಆಫೀಸ್ (ಮಸೂದೆಗಳ ಖರ್ಚು ಅಂದಾಜು ಮಾಡುವ ಕಾಂಗ್ರೆಸ್‌ನ ಕಚೇರಿ) ಇದರಲ್ಲಿ ಮ್ಯಾಂಡೇಟ್ ಇಲ್ಲ ಎಂದಿದೆ’ ಎಂಬ ಸಾಲು ಕಂಡರೆ ಖರ್ಚಿಲ್ಲ ಎಂದು ತಿಳಿಯಬೇಡಿ.

ರಾಜ್ಯಗಳು ಕೊಡುವ ಡ್ರೈವಿಂಗ್ ಲೈಸೆನ್ಸ್, ಗುರುತಿನ ಚೀಟಿಗಳಿಗೆ ಫೆಡರಲ್ ಮಾನದಂಡ ಹಾಕಿದ 2005ರ ರಿಯಲ್ ಐಡಿ ಕಾಯ್ದೆಯನ್ನು ಹತ್ತಿರದಿಂದ ನೋಡಿದರೆ ಇದೆಲ್ಲ ಒಂದೇ ಕಡೆ ಸಿಗುತ್ತದೆ. ಯುದ್ಧ ಖರ್ಚು ಮತ್ತು ಸುನಾಮಿ ನೆರವಿನ ತುರ್ತು ಮಸೂದೆಗೆ ಅಂಟಿಸಿ ಪಾಸು ಮಾಡಿದ ಕಾಯ್ದೆ ಅದು. ಕಾಂಗ್ರೆಸ್ ಮುಂದಿದ್ದ ಅಂದಾಜು ಸುಮಾರು 10 ಕೋಟಿ ಡಾಲರ್. 2006ರಲ್ಲಿ ರಾಜ್ಯಗಳ ಸಂಘಟನೆಗಳು ತಾವೇ ಲೆಕ್ಕ ಹಾಕಿದಾಗ ಐದು ವರ್ಷಕ್ಕೆ 1,100 ಕೋಟಿ ಡಾಲರ್ ದಾಟಿತು. ಇಷ್ಟು ಅಂತರ ಬಂದದ್ದು ಎಲ್ಲಿಂದ? ಲೈಸೆನ್ಸ್ ಇರುವ ಪ್ರತಿಯೊಬ್ಬರನ್ನೂ ಕೌಂಟರ್‌ಗೆ ಕರೆಸಿ ದಾಖಲೆ ನೋಡಬೇಕಿತ್ತು. ಅಂಚೆ ಮೂಲಕ, ಆನ್‌ಲೈನ್ ಮೂಲಕ ನವೀಕರಣ ಮಾಡಿಕೊಳ್ಳುತ್ತಿದ್ದವರು ಒಮ್ಮೆಲೇ ಸಾಲಿನಲ್ಲಿ ಬಂದು ನಿಲ್ಲುತ್ತಾರೆ. ಪ್ರತಿ ದಾಖಲೆಯನ್ನು, ಅದನ್ನು ಕೊಟ್ಟ ಕಚೇರಿಯ ಜೊತೆ ತಾಳೆ ನೋಡಬೇಕು. ಪ್ರತಿಯನ್ನು ಕಾಗದದಲ್ಲಿ 7 ವರ್ಷ ಇಲ್ಲವೇ ಸ್ಕ್ಯಾನ್ ಮಾಡಿ 10 ವರ್ಷ ಇಟ್ಟುಕೊಳ್ಳಬೇಕು. ಕಾಯ್ದೆಯಲ್ಲಿ ಒಂದೊಂದು ಸಾಲಿನ ಮಾತು. ಕೌಂಟರ್‌ನಲ್ಲಿ ಅದೇ ಸಿಬ್ಬಂದಿ, ಕಟ್ಟಡ, ಸಾಫ್ಟ್‌ವೇರ್ ಆಗುತ್ತದೆ.

ದಂಡ ಮಾತ್ರ ರಾಜ್ಯದ ಮೇಲಿರಲಿಲ್ಲ. ನಿಯಮಕ್ಕೆ ಹೊಂದದ ಲೈಸೆನ್ಸನ್ನು ಫೆಡರಲ್ ಸಂಸ್ಥೆಗಳು ಒಪ್ಪುವುದಿಲ್ಲ, ಅಷ್ಟೇ. ವಿಮಾನ ನಿಲ್ದಾಣದಲ್ಲಿ ತಡೆಯಲ್ಪಡುವವನು ಪ್ರಜೆ, ಬೈಸಿಕೊಳ್ಳುವವರು ಗವರ್ನರ್. ನೇರ ಅಪ್ಪಣೆಯೂ ಅಲ್ಲ, ಅನುದಾನದ ಖೋತಾವೂ ಅಲ್ಲ. ಕೋರ್ಟಿನಲ್ಲಿ ಹಿಡಿಯುವುದಕ್ಕೆ ಏನೂ ಸಿಗದ ಹಾಗೆ ಹೆಣೆದಿದ್ದರು. ಬರೆದವರ ಜಾಣ್ಮೆಯನ್ನು ಒಪ್ಪಲೇಬೇಕು.

ರಾಜ್ಯಗಳು ಎರಡು ದಾರಿ ಹಿಡಿದವು. 2007ರ ಜನವರಿಯಲ್ಲಿ ಮೇಯ್ನ್ ಶಾಸನಸಭೆ ವಿರೋಧದ ನಿರ್ಣಯ ಮಾಡಿತು, ಅದೇ ವರ್ಷ ಮೊಂಟಾನಾ ಜಾರಿ ಮಾಡುವುದಿಲ್ಲವೆಂದು ಕಾನೂನನ್ನೇ ತಂದಿತು. ಇನ್ನೊಂದು ಕಡೆ, ಕರಡು ನಿಯಮಕ್ಕೆ ಲೆಕ್ಕಸಮೇತ ಆಕ್ಷೇಪ ಸಲ್ಲಿಸುವ ಕೆಲಸ ನಡೆಯಿತು. ಸದ್ದಿಲ್ಲದ ಈ ಎರಡನೆಯದು ಕೊಟ್ಟ ಫಲ ನೋಡಿ: 2008ರ ಜನವರಿಯ ಅಂತಿಮ ನಿಯಮದಲ್ಲಿ ಹೊಸ ಲೈಸೆನ್ಸ್ ಪಡೆಯುವ ಗಡುವನ್ನು ವಯಸ್ಸಿನ ಪ್ರಕಾರ 2014 ಮತ್ತು 2017ಕ್ಕೆ ಹಂಚಲಾಯಿತು. ಫೆಡರಲ್ ಇಲಾಖೆಯ ಲೆಕ್ಕದಲ್ಲೇ ರಾಜ್ಯಗಳ ಖರ್ಚು 1,460 ಕೋಟಿಯಿಂದ 390 ಕೋಟಿ ಡಾಲರ್‌ಗೆ ಇಳಿಯಿತು. ಗಡುವು ಆಮೇಲೂ ಜಾರುತ್ತ ಜಾರುತ್ತ ವಿಮಾನ ನಿಲ್ದಾಣಗಳಲ್ಲಿ ಜಾರಿಗೆ ಬಂದದ್ದು 2025ರ ಮೇ 7ಕ್ಕೆ. ಅಷ್ಟರೊಳಗೆ ಕ್ಯಾಲಿಫೋರ್ನಿಯಾದಂಥ ರಾಜ್ಯಗಳು ಎರಡು ಬಗೆಯ ಕಾರ್ಡ್ ಮಾಡಿಕೊಂಡಿದ್ದವು: ರಿಯಲ್ ಐಡಿಗೆ ಹೊಂದುವ ಒಂದರ ಮೇಲೆ ನಕ್ಷತ್ರ, ಹೊಂದದ ಇನ್ನೊಂದರ ಮೇಲೆ ‘ಫೆಡರಲ್ ಲಿಮಿಟ್ಸ್ ಅಪ್ಲೈ’ ಎಂಬ ಬರಹ.

ಅಲ್ಲಿರುವ ಕನ್ನಡಿಗರಿಗೂ ಇದರ ಬಿಸಿ ತಟ್ಟಿದೆ. ಎಚ್-1ಬಿ ಉದ್ಯೋಗ ವೀಸಾ ಮೇಲಿರುವವರ ರಿಯಲ್ ಐಡಿ ವಾಸ್ತವ್ಯದ ಅವಧಿ ಮುಗಿಯುವ ದಿನವೇ ಮುಗಿಯುತ್ತದೆ; ವೀಸಾ ವಿಸ್ತರಣೆಯಾದಾಗಲೆಲ್ಲ ಮತ್ತೆ ಕೌಂಟರ್. ಊರಿನ ಹೆಸರು, ತಂದೆಯ ಹೆಸರು ಬರೀ ಇನಿಷಿಯಲ್ ಆಗಿ, ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿದ್ದವರ ವೀಸಾದಲ್ಲಿ ಮೊದಲ ಹೆಸರಿನ ಜಾಗಕ್ಕೆ ‘ಎಫ್‌ಎನ್‌ಯು’ (ಫಸ್ಟ್ ನೇಮ್ ಅನ್‌ನೋನ್, ಅಂದರೆ ಮೊದಲ ಹೆಸರು ಗೊತ್ತಿಲ್ಲ) ಕೂತಿರುತ್ತದೆ. ಒಂದು ದಾಖಲೆಯಲ್ಲಿ ಹಾಗೆ, ಇನ್ನೊಂದರಲ್ಲಿ ಹೀಗೆ ಇದ್ದರೆ ತಾಳೆಯಾಗುವುದಿಲ್ಲ. ಕೌಂಟರ್‌ಗೆ ಹೋಗುವ ಮೊದಲೇ ಎಲ್ಲದರಲ್ಲೂ ಹೆಸರು ಒಂದೇ ಥರ ಇದೆಯೇ ನೋಡಿಕೊಳ್ಳುವುದು ಒಳ್ಳೆಯದು.

ಪರಿಶೀಲನೆಗೆ ಕೂತ ಅಧಿಕಾರಿಗಳು ಸಾಮಾನ್ಯವಾಗಿ ಮರೆಯುವುದು ಕ್ಯಾಲೆಂಡರನ್ನು. ಫೆಡರಲ್ ಹಣಕಾಸು ವರ್ಷ ಅಕ್ಟೋಬರ್ 1ಕ್ಕೆ, ಬಹುತೇಕ ರಾಜ್ಯಗಳದ್ದು ಜುಲೈ 1ಕ್ಕೆ ಶುರು. ಟೆಕ್ಸಸ್ ಶಾಸನಸಭೆಯ ಸಾಮಾನ್ಯ ಅಧಿವೇಶನ ಬೆಸ ವರ್ಷಗಳಲ್ಲಿ 140 ದಿನ ಮಾತ್ರ. ಸಮ ವರ್ಷದಲ್ಲಿ ರಾಜ್ಯ ಕಾನೂನು ತಿದ್ದಬೇಕಾದ ಗಡುವು ಬಂದರೆ ವಿಶೇಷ ಅಧಿವೇಶನವೇ ಗತಿ. ಎರಡನೆಯ ಮರೆವು, ಪಾಲಿನ ಹಣ. ಮೊದಲ ವರ್ಷ ಪೂರ್ತಿ ಫೆಡರಲ್ ದುಡ್ಡು, ಆಮೇಲೆ ರಾಜ್ಯದ ಪಾಲು ಏರುತ್ತದೆ. ಜೊತೆಗೆ ಹಳೆಯ ಖರ್ಚನ್ನು ಇಳಿಸಬಾರದೆಂಬ ಷರತ್ತು ಇರುತ್ತದೆ. ಮೆಡಿಕೇಡ್ ವಿಸ್ತರಣೆಯಲ್ಲಿ ಫೆಡರಲ್ ಪಾಲು 2014ರಲ್ಲಿ 100 ಶೇಕಡಾ ಇದ್ದದ್ದು 2020ರ ಹೊತ್ತಿಗೆ 90ಕ್ಕೆ ಇಳಿಯಿತು. ಅದು 90ಕ್ಕಿಂತ ಕೆಳಗೆ ಹೋದರೆ ವಿಸ್ತರಣೆ ನಿಲ್ಲುತ್ತದೆಂದು ಇಲಿನಾಯ್ ತನ್ನ ಕಾನೂನಿನಲ್ಲೇ ಬರೆದುಕೊಂಡಿತ್ತು. ಒಪ್ಪಿಕೊಳ್ಳುವಾಗಲೇ ಹೊರಬರುವ ಬಾಗಿಲು ಇಟ್ಟುಕೊಳ್ಳುವ ಈ ಕ್ರಮ ನಿರ್ಣಯಗಳಿಗಿಂತ ಎಷ್ಟೋ ಮೇಲು.

ಕೋರ್ಟಿಗೆ ಹೋಗುವುದಾದರೆ ಕನೆಕ್ಟಿಕಟ್‌ನ ಪಾಡು ನೆನಪಿರಲಿ. ‘ನೋ ಚೈಲ್ಡ್ ಲೆಫ್ಟ್ ಬಿಹೈಂಡ್’ ಶಿಕ್ಷಣ ಕಾಯ್ದೆಯಲ್ಲೇ, ಹಣ ಕೊಡದ ಖರ್ಚನ್ನು ರಾಜ್ಯದ ಮೇಲೆ ಹೇರುವಂತಿಲ್ಲ ಎಂಬ ಕಲಮಿತ್ತು. ಅದನ್ನೇ ಹಿಡಿದು 2005ರಲ್ಲಿ ರಾಜ್ಯ ದಾವೆ ಹೂಡಿತು. 2010ರಲ್ಲಿ ಮೇಲ್ಮನವಿ ನ್ಯಾಯಾಲಯವೂ ವಿವಾದ ಇನ್ನೂ ಪಕ್ವವಾಗಿಲ್ಲವೆಂದು ಕೈಬಿಟ್ಟಿತು. ಐದು ವರ್ಷ ಕಳೆದರೂ ಆ ಕಲಮಿನ ಅರ್ಥವೇನೆಂದು ತೀರ್ಮಾನವಾಗಲೇ ಇಲ್ಲ. ಆದ್ದರಿಂದ ದಾವೆಗೆ ಮುಂಚೆ ವಿನಾಯಿತಿಗೆ ಅರ್ಜಿ ಹಾಕಿ, ವಿಚಾರಣೆ ಮುಗಿಸಿ, ಅಂತಿಮ ನಿರಾಕರಣೆಯನ್ನು ಬರಹದಲ್ಲಿ ಪಡೆದಿಟ್ಟುಕೊಂಡಿರಬೇಕು. ಫೋನಿನಲ್ಲಿ ‘ಆಗಲ್ಲ’ ಅಂದದ್ದಕ್ಕೆ ನ್ಯಾಯಾಧೀಶರ ಮುಂದೆ ಬೆಲೆಯಿಲ್ಲ.