ಉಗುರಿನ ಮೇಲೆ ಬಿಸಿಲು ಬಿದ್ದಾಗ

ಕಡುನೀಲಿ ಹೋಲೋಗ್ರಾಫಿಕ್ ನೇಲ್ ಪಾಲಿಶ್, ಅಂದರೆ ಬಿಸಿಲು ಬಿದ್ದರೆ ಕಾಮನಬಿಲ್ಲು ತೋರುವ ಉಗುರುಬಣ್ಣ, ನನ್ನ ಕೈಸೇರಿದ್ದು ಆಷಾಢದಲ್ಲಿ. ಬೆಂಗಳೂರಿನಲ್ಲಿ ಆಗ ದಿನವಿಡೀ ಮೋಡ, ಜಿಟಿಜಿಟಿ ಮಳೆ. ಇದು ದೊಡ್ಡ ಕಂಪನಿಯ ಮಾಲಲ್ಲ, ಸ್ವಲ್ಪ ಸ್ವಲ್ಪವೇ ಕೈಯಾರೆ ಬೆರೆಸಿ ಮಾರುವವರದು. ಇಂಥದ್ದನ್ನು ಇಂಡೀ ಪಾಲಿಶ್ ಅನ್ನುತ್ತಾರೆ. ಒಳಗಿನ ದ್ರಾವಕಕ್ಕೆ ಬೇಗ ಬೆಂಕಿ ಹತ್ತುವುದರಿಂದ ವಿಮಾನದಲ್ಲಿ ಕಳಿಸಲು ನೂರೆಂಟು ನಿಯಮ. ಲಾರಿಯಲ್ಲೇ ಬರಲಿ ಎಂದು ಕಾದಿದ್ದೆ.

ಬಾಟಲಿಯನ್ನು ಅಂಗೈಗಳ ನಡುವೆ ಹೊರಳಿಸಿದೆ. ಜೋರಾಗಿ ಅಲ್ಲಾಡಿಸಿದರೆ ಗುಳ್ಳೆ ಏಳುತ್ತದೆ. ಒಳಗಿನ ಸ್ಟೀಲ್ ಗುಂಡುಗಳು ಟಿಕ್ ಟಿಕ್ ಎಂದವು. ಮೊದಲು ಬೇಸ್ ಕೋಟ್, ಅಂದರೆ ಬಣ್ಣದ ಅಡಿಗೆ ಹಚ್ಚುವ ಪದರ. ಕಡುನೀಲಿ ಹಚ್ಚುವಾಗ ಇದನ್ನು ಬಿಡಲೇಬಾರದು, ಬಿಟ್ಟರೆ ಬಣ್ಣ ಉಗುರಿಗೇ ಇಳಿದು ಕಲೆ ಕೂರುತ್ತದೆ. ನೀಲಿಯ ಮೊದಲ ಪದರ ಗೆರೆಗೆರೆಯಾಗಿ ಬಂತು. ಅದು ಒಣಗಿದ ಮೇಲೆ ಎರಡನೆಯದನ್ನು ಎಳೆದು, ಉಗುರಿನ ತುದಿಯಂಚಿಗೂ ಕುಂಚ ಸವರಿದೆ. ಅಜ್ಜಿಯ ಇಳಕಲ್ ಸೀರೆಯ ಒಡಲಿನಷ್ಟು ಗಾಢವಾದ ನೀಲಿ ತುಂಬಿಕೊಂಡಿತು. ಮೂರನೆಯ ಪದರ ಬೇಕಾಗಲಿಲ್ಲ.

ಅಮ್ಮ ಟ್ಯೂಬ್‌ಲೈಟಿನಡಿ ನನ್ನ ಕೈ ಹಿಡಿದು ನೋಡಿದರು. “ನೀಲಿ ಏನೋ ಚೆನ್ನಾಗಿದೆ ಕಣೇ. ಕಾಮನಬಿಲ್ಲು ಬರತ್ತೆ ಅಂದಿದ್ಯಲ್ಲ, ಎಲ್ಲಿ?”

ಅಲ್ಲಿ ಅದು ಬರುವಂತಿಲ್ಲ. ಈ ಪಾಲಿಶಿನಲ್ಲಿರುವುದು ಅಲ್ಯೂಮಿನಿಯಂನ ಅತಿಸಣ್ಣ ಚಕ್ಕೆಗಳು. ಒಂದೊಂದರ ಮೇಲೂ ಒತ್ತೊತ್ತಾಗಿ ಗೀರುಗಳಿರುತ್ತವೆ. ಸಿ.ಡಿ.ಯ ಹಿಂಬದಿಯಲ್ಲಿ ಆಗುವುದೇ ಇಲ್ಲೂ ಆಗುತ್ತದೆ: ಗೀರಿಗೆ ತಾಗಿದ ಬೆಳಕು ಬಣ್ಣಬಣ್ಣವಾಗಿ ಒಡೆಯುತ್ತದೆ. ಆದರೆ ಬೆಳಕು ಒಂದೇ ದಿಕ್ಕಿನಿಂದ ನೆಟ್ಟಗೆ ಬೀಳಬೇಕು. ಉದ್ದನೆಯ ಟ್ಯೂಬ್‌ಲೈಟಿನ ಬೆಳಕು ಹರಡಿ ಬೀಳುವುದರಿಂದ, ಮೋಡದ ಬೆಳಕು ಎಲ್ಲ ಕಡೆಯಿಂದಲೂ ಬರುವುದರಿಂದ ಬಣ್ಣಗಳು ಒಂದರೊಳಗೊಂದು ಕಲೆತು ಮಾಸಿಹೋಗುತ್ತವೆ. ಬಣ್ಣದ ಪುಡಿಯೇ ಇಲ್ಲದೆ ಬಣ್ಣ ಹುಟ್ಟುವ ಈ ಸೋಜಿಗದ ಬೆನ್ನು ಹತ್ತಿದವರು ನಮ್ಮ ಊರಲ್ಲೇ ಇದ್ದರು. 1933ರಲ್ಲಿ ಬೆಂಗಳೂರಿಗೆ ಬಂದ ಸಿ.ವಿ. ರಾಮನ್ ಹಕ್ಕಿಗಳ ಪುಕ್ಕ, ಹೊಳೆಯುವ ಚಿಪ್ಪುಗಳ ಬಣ್ಣ ಎಲ್ಲಿಂದ ಬರುತ್ತದೆಂದು ಆ ದಶಕದಲ್ಲೇ ಅಧ್ಯಯನ ಮಾಡಿದ್ದರು. ಅದು ನೆನಪಾಗಿ ಉಗುರಿನ ಮೇಲಿನ ಗೌರವ ಇನ್ನೂ ಹೆಚ್ಚಿತು.

ಮರುದಿನ ಸಂಜೆ ಮೆಜೆಸ್ಟಿಕ್‌ನಿಂದ ಹಸಿರು ಮಾರ್ಗದ ಮೆಟ್ರೊದಲ್ಲಿ ಜಯನಗರಕ್ಕೆ ಹೊರಟಿದ್ದೆ. ಚಿಕ್ಕಪೇಟೆ, ಮಾರ್ಕೆಟ್ ದಾಟುವವರೆಗೂ ಸುರಂಗ. ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ನ್ಯಾಷನಲ್ ಕಾಲೇಜ್ ಹತ್ತಿರ ರೈಲು ಮೇಲೆ ಬಂತು. ಅಷ್ಟರಲ್ಲಿ ಮೋಡ ಹರಿದಿತ್ತು, ಪಡುವಣ ಕಿಟಕಿಯಿಂದ ಬಿಸಿಲು ಸೀದಾ ಬೆರಳುಗಳ ಮೇಲೆ ಬಿತ್ತು. ಪ್ರತಿ ಉಗುರಿನ ನಡುವೆ ಕೆಂಪು, ಹಳದಿ, ಹಸಿರು, ನೇರಳೆ ಒಂದರ ಪಕ್ಕ ಒಂದು ಎದ್ದು ನಿಂತವು. ಬೆರಳು ಒಂಚೂರು ಮಡಚಿದರೆ ಇಡೀ ಪಟ್ಟಿ ಉಗುರಿನ ಬುಡಕ್ಕೆ ಜಾರುತ್ತಿತ್ತು. ಹೀಗೆ ಒಂದೇ ಗೆರೆಯಾಗಿ ಹರಿದರೆ ಅದು ಲೀನಿಯರ್ ಹೋಲೋ. ಚುಕ್ಕಿಚುಕ್ಕಿಯಾಗಿ ಮಿನುಗಿದರೆ ಸ್ಕ್ಯಾಟರ್ಡ್. ನನಗೆ ಮೊದಲಿನದೇ ಇಷ್ಟ.

ಪಕ್ಕದಲ್ಲಿದ್ದ ಕಾಲೇಜು ಹುಡುಗಿ ತಡೆಯಲಾರದೆ ಕೇಳಿದಳು: “ಅಕ್ಕಾ, ಆಗ್ಲೆ ಬರೀ ನೀಲಿ ಇತ್ತಲ್ವಾ?” ಕೈಯನ್ನು ಅವಳ ಕಡೆ ಚಾಚಿದೆ. ಸೌತ್ ಎಂಡ್ ಬರುವವರೆಗೂ ನಾವಿಬ್ಬರೂ ಉಗುರನ್ನು ಬಿಸಿಲಿಗೆ ಅತ್ತಿತ್ತ ತಿರುಗಿಸುತ್ತಾ ಕೂತಿದ್ದೆವು.

ಬೆಳ್ಳಿಬಣ್ಣದ ಹೋಲೋ ಕೂಡ ನನ್ನಲ್ಲಿದೆ. ಅದರ ಬಿಳುಪಿನಲ್ಲಿ ಕಾಮನಬಿಲ್ಲು ಅರ್ಧ ತೊಳೆದುಹೋಗುತ್ತದೆ. ಕಡುನೀಲಿ ಉಳಿದ ಬೆಳಕನ್ನೆಲ್ಲ ನುಂಗಿಬಿಡುವುದರಿಂದ ಬಣ್ಣಗಳು ಎದ್ದು ಕಾಣುತ್ತವೆ. ಆದರೆ ನೀಲಿ ಒಂದು ಚೂರು ಹೆಚ್ಚಾದರೂ ಚಕ್ಕೆಗಳು ಮುಚ್ಚಿಹೋಗುತ್ತವೆ. ಆ ಹದ ಹಿಡಿದ ಕೈಗೆ ದುಡ್ಡು ಕೊಡಲು ನನಗೆ ಎಂದೂ ಬೇಜಾರಿಲ್ಲ. ಬಣ್ಣದ ಮೇಲೆ ಕೊನೆಗೆ ಹಚ್ಚುವ ಟಾಪ್ ಕೋಟ್‌ಗಳಲ್ಲಿ ಕೆಲವು ಹೊಳಪನ್ನು ಮಂಕಾಗಿಸುತ್ತವೆ ಎಂದು ಉಂಗುರದ ಬೆರಳಿಗೆ ಹಚ್ಚದೆ ಬಿಟ್ಟಿದ್ದೆ. ಬಿಸಿಲಲ್ಲಿ ಹೋಲಿಸಿದರೆ ವ್ಯತ್ಯಾಸ ಕಾಣಲಿಲ್ಲ.

ತೆಗೆಯುವಾಗ ಉಗುರಿನ ಸುತ್ತ ಕೊಬ್ಬರಿ ಎಣ್ಣೆ ಸವರಿಕೊಂಡು, ರಿಮೂವರಿನಲ್ಲಿ ಅದ್ದಿದ ಹತ್ತಿಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದೆ. ಚರ್ಮಕ್ಕೆ ನೀಲಿ ಹತ್ತಲಿಲ್ಲ. ಮುಂದಿನ ತಿಂಗಳು ಚಿಕ್ಕಮ್ಮನ ಮಗಳ ರಿಸೆಪ್ಷನ್ ಇದೆ. ವಿಡಿಯೊದವರ ಲೈಟು ಒಂದೇ ಕಡೆಯಿಂದ ಜೋರಾಗಿ ಬೀಳುತ್ತದಲ್ಲ, ಅವಳಿಗೂ ಇದನ್ನೇ ಹಚ್ಚುತ್ತೇನೆಂದು ಹೇಳಿಟ್ಟಿದ್ದೇನೆ.